ನೋಡದೆ ಬರೆಯದ ಬ್ಯಾಂಕಿನೋರು

ತಾನು ಬದುಕಿದ್ದೇನೆ ಎಂದು ತೋರಿಸಿ ಬರಲು ನನ್ನ ಅಮ್ಮ ವರ್ಷಕ್ಕೊಮ್ಮೆ ರೇಷ್ಮೆ ಸೀರೆ ಉಡುತ್ತಿದ್ದಳು. ನವೆಂಬರ್ ತಿಂಗಳ ಮೊದಲ ವಾರ. ನೋಯ್ಡಾದ ಹೊಗೆಯಲ್ಲಿ ಎದುರಿನ ಟವರ್ ಕೂಡ ಕಾಣದಂಥ ಬೆಳಿಗ್ಗೆ. ಅವಳು ಆರಕ್ಕೇ ಎದ್ದು ಸ್ನಾನ ಮಾಡಿ, ಬೀರುವಿನಿಂದ ಸೀರೆ ತೆಗೆದು ಉಟ್ಟು, ಅದರ ಮೇಲೊಂದು ಸ್ವೆಟರ್, ಸ್ವೆಟರಿನ ಮೇಲೊಂದು ಶಾಲು, ಕಾಲಿಗೆ ಅಪ್ಪನ ಉಣ್ಣೆಯ ಸಾಕ್ಸು ಹಾಕಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಡುತ್ತಿದ್ದಳು. "ಬ್ಯಾಂಕು ತೆಗೆಯೋದು ಹತ್ತಕ್ಕಮ್ಮಾ" ಅಂದರೆ, "ಗೊತ್ತು. ನೀನು ತಲೆ ಬಾಚ್ಕೋ ಮೊದಲು, ನಾಲ್ಕು ಜನ ಬರೋ ಜಾಗ" ಎಂದು ನನ್ನ ಮೇಲೇ ತಿರುಗುತ್ತಿದ್ದಳು.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಅವರು ತೀರಿಕೊಂಡ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಪಿಂಚಣಿ ಪಡೆಯುವವರು ಪ್ರತಿ ನವೆಂಬರಿನಲ್ಲಿ ತಾವಿನ್ನೂ ಜೀವಂತವಾಗಿದ್ದೇವೆ ಎಂದು ಬ್ಯಾಂಕಿಗೆ ತಿಳಿಸಬೇಕು. ಅದಕ್ಕೊಂದು ಫಾರಂ, ಎಲ್ಲರೂ ಅದನ್ನು ಲೈಫ್ ಸರ್ಟಿಫಿಕೇಟ್ ಅನ್ನುತ್ತಾರೆ. ಅದರ ಕೊನೆಯಲ್ಲಿ, ಇವರನ್ನು ಖುದ್ದಾಗಿ ನೋಡಿದ್ದೇನೆ ಎಂಬ ಸಾಲಿನ ಕೆಳಗೆ ಬ್ಯಾಂಕಿನ ಅಧಿಕಾರಿ ರುಜು ಹಾಕಬೇಕು. ನಮ್ಮ ಸೆಕ್ಟರ್ ಮಾರ್ಕೆಟ್ಟಿನ ಬ್ರ್ಯಾಂಚಿನಲ್ಲಿ ಆ ರುಜು ಹಾಕುತ್ತಿದ್ದವರು ಈ ಜನವರಿಯಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ನಾವ್ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಅವರು ನಮಗೆಲ್ಲ "ಬ್ಯಾಂಕಿನೋರು", ಅಷ್ಟೆ.

ಬ್ಯಾಂಕು ಕರ್ನಾಟಕದಲ್ಲಿ ಹುಟ್ಟಿದ್ದು. ಆದ್ದರಿಂದಲೇ ದೆಹಲಿಯ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಆಯುಷ್ಯ ಕಳೆದು, ನಿವೃತ್ತಿಯಾದ ಮೇಲೆ ನೋಯ್ಡಾದಲ್ಲಿ ಫ್ಲ್ಯಾಟು ಕೊಂಡ ಕನ್ನಡದವರೆಲ್ಲ ಅಲ್ಲೇ ಖಾತೆ ಇಟ್ಟಿದ್ದರು. ಒಂದು ಕಡೆ ಔಷಧಿ ಅಂಗಡಿ, ಇನ್ನೊಂದು ಕಡೆ ಜಿಲೇಬಿ ಕರಿಯುವ ಮಿಠಾಯಿ ಅಂಗಡಿ, ನಡುವೆ ನಮ್ಮ ಬ್ಯಾಂಕು. ಒಳಗೆ ಹೋದರೆ ಎದುರಿಗೇ ಒಂದು ಉದ್ದನೆಯ ಮರದ ಬೆಂಚು. ಆ ಬೆಂಚಿನ ಮೇಲೆ ಕೂತು ಕನ್ನಡದಲ್ಲಿ ಮಾತಾಡಲಿಕ್ಕೆಂದೇ ಕೆಲವರು ಪಾಸ್‌ಬುಕ್ ಎಂಟ್ರಿ ಮಾಡಿಸಲು ಬರುತ್ತಿದ್ದರು. ಎಂಟ್ರಿ ಮಾಡಿಸಲು ಅದರಲ್ಲಿ ಏನೂ ಇರುತ್ತಿರಲಿಲ್ಲ.

ಬ್ಯಾಂಕಿನೋರು ಕುಳ್ಳಗಿದ್ದರು. ಹೆಂಡತಿ ಹೆಣೆದ ಕೆಂಗಂದು ಬಣ್ಣದ ಅರ್ಧತೋಳಿನ ಸ್ವೆಟರ್ ದಸರೆಗೆ ಮೈಮೇಲೆ ಬಂದರೆ ಹೋಳಿಯವರೆಗೆ ಇಳಿಯುತ್ತಿರಲಿಲ್ಲ. ಜೇಬಿನಲ್ಲಿ ಎರಡು ಕನ್ನಡಕ, ಒಂದು ಓದಲಿಕ್ಕೆ, ಒಂದು ದೂರ ನೋಡಲಿಕ್ಕೆ. ಎರಡನ್ನೂ ಸೇರಿಸಿ ಒಂದೇ ಕನ್ನಡಕ ಮಾಡಿಸಬಹುದು ಸಾರ್, ಈಗ ಎಲ್ಲಾ ಕಡೆ ಸಿಗುತ್ತೆ ಎಂದು ನಾನೇ ಎಷ್ಟು ಸಲ ಹೇಳಿದ್ದೇನೋ. "ಟೀಚರಮ್ಮ, ಕಾಗದ ನೋಡೋದು ಬೇರೆ, ಮನುಷ್ಯರನ್ನ ನೋಡೋದು ಬೇರೆ" ಅನ್ನುತ್ತಿದ್ದರು. ದೊಡ್ಡ ತತ್ವಜ್ಞಾನಿ! ಎರಡು ಕನ್ನಡಕ ಬದಲಾಯಿಸುವಷ್ಟರಲ್ಲಿ ಕ್ಯೂ ಬಾಗಿಲಿನವರೆಗೆ ಬೆಳೆದಿರುತ್ತಿತ್ತು.

ಲೈಫ್ ಸರ್ಟಿಫಿಕೇಟಿಗೆ ಬಂದವರನ್ನು ಅವರು ಕೌಂಟರಿನ ಮುಂದೆ ನಿಲ್ಲಿಸುತ್ತಿರಲಿಲ್ಲ. ತಾವೇ ಎದ್ದು, ಪಕ್ಕದ ಸಣ್ಣ ಬಾಗಿಲು ತೆಗೆದು, ಈಚೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಓದುವ ಕನ್ನಡಕ ತೆಗೆದು ದೂರದ ಕನ್ನಡಕ ಹಾಕಿಕೊಂಡು ಎದುರಿನವರ ಮುಖ ನೋಡುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: "ಇವತ್ತು ತಿಂಡಿ ಏನು?"

ಅಮ್ಮ ಈ ಪ್ರಶ್ನೆಗೆ ಹಿಂದಿನ ದಿನವೇ ತಯಾರಾಗುತ್ತಿದ್ದಳು. ಆ ದಿನ ಮನೆಯಲ್ಲಿ ಬ್ರೆಡ್ಡು ಗಿಡ್ಡು ನಡೆಯುತ್ತಿರಲಿಲ್ಲ. ನೀರುದೋಸೆಯೋ, ಕೊಟ್ಟೆ ಕಡುಬೋ ಆಗಲೇಬೇಕು. ಕೊಟ್ಟೆ ಕಟ್ಟಲು ನೋಯ್ಡಾದಲ್ಲಿ ಹಲಸಿನೆಲೆ ಎಲ್ಲಿಂದ ತರಲಿ? ಸ್ಟೀಲ್ ಲೋಟದಲ್ಲಿ ಬೇಯಿಸಿದ್ದನ್ನೇ ಅವಳು ಬೆಂಚಿನ ಮೇಲೆ ಕೂತು "ಕೊಟ್ಟೆ ಕಡುಬು" ಎಂದು ರಾಜಗಾಂಭೀರ್ಯದಿಂದ ಹೇಳುತ್ತಿದ್ದಳು. ಬ್ಯಾಂಕಿನೋರು ಉತ್ತರ ಕನ್ನಡದವರು, ಕಡುಬಿನ ಆಸೆಯವರು. "ಹೋ! ಹಾಗಿದ್ರೆ ಗ್ಯಾರಂಟಿ ಬದುಕಿದ್ದೀರಿ" ಎಂದು ಓದುವ ಕನ್ನಡಕ ಏರಿಸಿ ರುಜು ಹಾಕುತ್ತಿದ್ದರು. ಅಮ್ಮ ಮನೆಗೆ ಬರುವವರೆಗೂ ಅದನ್ನೇ ಹೇಳಿ ನಗುತ್ತಿದ್ದಳು.

ಅವರನ್ನು ದೇವರ ಹಾಗೆ ಬಣ್ಣಿಸಲು ನನಗಿಷ್ಟವಿಲ್ಲ. ಅವರಿಗೂ ಕುಂದುಗಳಿದ್ದವು. ತಮ್ಮ ಪೆನ್ನು ಯಾರಿಗೂ ಕೊಡುತ್ತಿರಲಿಲ್ಲ. ಫೋನ್ ನೋಡುತ್ತಾ ಕೌಂಟರಿಗೆ ಬಂದ ಹುಡುಗರನ್ನು ಕಂಡರೆ ಮೈ ಉರಿಯುತ್ತಿತ್ತು: "ಎಟಿಎಂ ಹೊರಗಿದೆ, ಅದಕ್ಕೆ ಮುಖ ತೋರಿಸೋ ಅಗತ್ಯ ಇಲ್ಲ." ಎರಡು ಸಾಲಿನ ಅರ್ಜಿ ಬರೆಯಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದು ಕಾಯುತ್ತಿದ್ದ ನನಗೆ ತಲೆ ಕೆಟ್ಟುಹೋಗುತ್ತಿತ್ತು. ಮನೆಯಲ್ಲಿ ನಾನು ಅವರನ್ನು ಆಮೆ ಅನ್ನುತ್ತಿದ್ದೆ. ಅಮ್ಮ ಕೇಳಿಸಿಕೊಂಡರೆ ಬೈಯುತ್ತಿದ್ದಳು.

ಒಂದು ವರ್ಷ ನವೆಂಬರಿನ ಕೊನೆಯಲ್ಲಿ ಅಮ್ಮನಿಗೆ ಜ್ವರ ಬಂತು. ಎದ್ದು ಕೂರಲೂ ತ್ರಾಣವಿಲ್ಲ. ಫಾರಂ ಕೊಡಲು ಮೂರೇ ದಿನ ಉಳಿದಿತ್ತು. ನಾನು ಹಾಸಿಗೆಯಲ್ಲೇ ಅವಳ ರುಜು ಹಾಕಿಸಿಕೊಂಡು ಬ್ಯಾಂಕಿಗೆ ಓಡಿದೆ. ಬ್ಯಾಂಕಿನೋರು ಫಾರಂ ನೋಡಿದರು, ಬಾಗಿಲ ಕಡೆ ನೋಡಿದರು.

"ಅಮ್ಮ ಎಲ್ಲಿ?"

"ಜ್ವರ ಸಾರ್. ಬರೋ ಸ್ಥಿತಿಯಲ್ಲಿ ಇಲ್ಲ. ನೀವೊಂದು ರುಜು ಹಾಕಿ."

"ನಾನು ನೋಡಿಲ್ವಲ್ಲ."

"ಹತ್ತು ವರ್ಷದಿಂದ ನೋಡ್ತಿದ್ದೀರಿ. ಇನ್ನೇನು ನೋಡ್ಬೇಕು?"

"ಇವತ್ತು ನೋಡಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. ಕ್ಯೂನಲ್ಲಿದ್ದವರೆಲ್ಲ ಕೇಳುವ ಹಾಗೆ, ನಾನೇನು ಸುಳ್ಳು ಹೇಳಿ ಪಿಂಚಣಿ ತಿನ್ನುವವಳ ಹಾಗೆ ಕಾಣುತ್ತೇನಾ, ನಿಮಗೆ ಮನುಷ್ಯತ್ವ ಇದೆಯಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಫಾರಂ ಮಡಚಿ ತಮ್ಮ ಡ್ರಾಯರಿನಲ್ಲಿಟ್ಟುಕೊಂಡರು. ಅದನ್ನು ನೋಡಿ ಇನ್ನಷ್ಟು ಉರಿಯಿತು. ಆಟೋದಲ್ಲಿ ಮನೆಗೆ ಬರುವಾಗ ಅತ್ತುಬಿಟ್ಟೆ.

ಸಂಜೆ ಆರಕ್ಕೆ ಬೆಲ್ ಆಯಿತು. ಬಾಗಿಲಲ್ಲಿ ಬ್ಯಾಂಕಿನೋರು. ತಲೆಗೆ ಮಫ್ಲರು, ಕೈಯಲ್ಲಿ ಚೀಲ, ಚೀಲದಲ್ಲಿ ಫಾರಂ ಮತ್ತು ಮೊಹರು. ನಮ್ಮ ಲಿಫ್ಟು ಕೆಟ್ಟಿದ್ದರಿಂದ ಐದು ಮಹಡಿ ಹತ್ತಿ ಬಂದಿದ್ದರು. ನನ್ನ ಮುಖ ನೋಡಲೇ ಇಲ್ಲ. ನೆಟ್ಟಗೆ ಅಮ್ಮನ ಮಂಚದ ಹತ್ತಿರ ಹೋಗಿ ಸ್ಟೂಲಿನ ಮೇಲೆ ಕೂತು ದೂರದ ಕನ್ನಡಕ ಹಾಕಿಕೊಂಡರು.

"ಇವತ್ತು ತಿಂಡಿ ಏನಮ್ಮಾ?"

"ಗಂಜಿ" ಅಂದಳು ಅಮ್ಮ, ನಾಚಿಕೊಂಡು.

"ಉಪ್ಪಿನಕಾಯಿ ಇತ್ತೋ?"

"ಇವಳು ಕೊಡ್ಲಿಲ್ಲ."

ಬ್ಯಾಂಕಿನೋರು ಆಗ ನನ್ನ ಕಡೆ ತಿರುಗಿದರು. ನನಗೆ ನಗು ಬಂತು, ಅವರಿಗೂ ಬಂತು. ಕಾಫಿ ಮಾಡಿಕೊಟ್ಟೆ. ಆ ಕಾಫಿ ಕುಡಿಯುತ್ತಾ ಅವರು ಹೇಳಿದ್ದನ್ನು ನಾನು ಈವರೆಗೆ ಒಬ್ಬಳಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿಲ್ಲ.

ಅವರು ಆಗಷ್ಟೇ ಅಧಿಕಾರಿಯಾಗಿ, ಇನ್ನೊಂದು ಊರಿನ ಬ್ರ್ಯಾಂಚಿನಲ್ಲಿದ್ದರಂತೆ. ಒಬ್ಬ ಮುದುಕ ಪ್ರತಿ ನವೆಂಬರಿನಲ್ಲೂ ಕೋಲೂರಿಕೊಂಡು ಬರುತ್ತಿದ್ದ. ಒಂದು ವರ್ಷ ಮಗ ಬಂದ. ಅಪ್ಪನಿಗೆ ಮಂಡಿನೋವು, ರುಜು ಹಾಕಿಸಿ ತಂದಿದ್ದೇನೆ ಅಂದ. ಪರಿಚಯದ ಮನೆ, ಒಳ್ಳೆಯ ಜನ. ಇವರು ನೋಡಿದ್ದೇನೆ ಎಂದು ರುಜು ಹಾಕಿಕೊಟ್ಟರು. ಮರುವರ್ಷವೂ ಮಗನೇ ಬಂದ. ಮತ್ತೆ ಹಾಕಿಕೊಟ್ಟರು.

"ಆಮೇಲೆ ಗೊತ್ತಾಯ್ತಾ, ಅವರು ತೀರಿಕೊಂಡಿದ್ರು ಅಂತ?" ನಾನು ಕೇಳಿದೆ.

"ಇಲ್ಲ ಟೀಚರಮ್ಮ, ಬದುಕಿದ್ರು. ಬದುಕಿದ್ದಾರೆ ಅನ್ನೋದು ಸುಳ್ಳಾಗಿರಲಿಲ್ಲ." ಲೋಟ ಕೆಳಗಿಟ್ಟರು. "ಅವರು ತೀರಿಕೊಂಡಾಗ ಮಾತಾಡಿಸೋಕೆ ಅಂತ ಮನೆಗೆ ಹೋದೆ. ಹಿಂದಿನ ಬಾಲ್ಕನಿಗೆ ತಗಡು ಹೊಡೆದು ಅಲ್ಲಿ ಇಟ್ಟಿದ್ರು ಅವರನ್ನ, ಎರಡು ವರ್ಷ. ಒಬ್ಬರೂ ಮಾತಾಡಿಸ್ತಿರಲಿಲ್ಲವಂತೆ. ಪಕ್ಕದ ಮನೆಯಾಕೆ ಹೇಳಿದ್ಳು, ನವೆಂಬರ್ ಬಂದ್ರೆ ಸಾಕು, ಬ್ಯಾಂಕಿಗೆ ಕರ್ಕೊಂಡು ಹೋಗಿ, ಅವರು ನನ್ನ ನೋಡ್ಬೇಕು ಅಂತ ಕೂಗ್ತಿದ್ರಂತೆ. ನೋಡಿದ್ದೇನೆ ಅಂತ ನಾನು ಆಗಲೇ ಬರೆದುಕೊಟ್ಟಾಗಿತ್ತು."

ಆಮೇಲೆ ಅವರು ಕನ್ನಡಕ ಬದಲಾಯಿಸಿ ರುಜು ಹಾಕಿ, ಮೊಹರಿಗೆ ಬಾಯಿಂದ ಉಫ್ ಎಂದು ಊದಿ ಒತ್ತಿದರು. ಅವತ್ತಿನಿಂದ ನಾನು ಅವರನ್ನು ಆಮೆ ಅನ್ನಲಿಲ್ಲ.

ಅವರು ನಿವೃತ್ತರಾದ ಮೇಲೆ ನಮ್ಮ ಬ್ಯಾಂಕು ದೊಡ್ಡದೊಂದು ಬ್ಯಾಂಕಿನೊಳಗೆ ಸೇರಿಹೋಯಿತು. ಬೋರ್ಡು ಬದಲಾಯಿತು, ಕನ್ನಡದ ಸಿಬ್ಬಂದಿ ಚದುರಿಹೋದರು. ಒಂದೇ ಬ್ಯಾಂಕಿನ ಎರಡು ಬ್ರ್ಯಾಂಚು ಹತ್ತಿರ ಹತ್ತಿರ ಬೇಡ ಎಂದು ನಮ್ಮದನ್ನು ಮುಚ್ಚುವ ನೋಟಿಸು ಅಂಟಿಸಿದರು. ಇನ್ನೊಂದು ಬ್ರ್ಯಾಂಚು ಎಕ್ಸ್‌ಪ್ರೆಸ್‌ವೇ ಆಚೆ. ಅದನ್ನು ಹತ್ತಿರ ಅಂದವರು ಯಾರೋ ಕಾರಿನಲ್ಲಿ ಹೋಗುವವರೇ ಇರಬೇಕು. ಅಮ್ಮ ನೋಟಿಸಿನ ಸುದ್ದಿ ಕೇಳಿ, "ಹಾಗಾದ್ರೆ ಇನ್ನು ನನ್ನ ಯಾರು ನೋಡ್ತಾರೆ?" ಅಂದಳು. ನನ್ನ ಮಗಳು ಗುರುಗ್ರಾಮದಲ್ಲಿ ಕೆಲಸ ಮಾಡುವವಳು, "ಅಜ್ಜಿ, ಚಿಂತೆ ಮತ್ ಕರೋ, ಎಲ್ಲಾ ಆ್ಯಪ್‌ನಲ್ಲಿ ಹೋ ಜಾತಾ ಹೈ" ಎಂದು ಸಮಾಧಾನ ಹೇಳಿದಳು.

ನಾವೆಲ್ಲ ಅರ್ಜಿ ಬರೆದುಕೊಡಿ ಎಂದು ಬ್ಯಾಂಕಿನೋರ ಮನೆಗೆ ಹೋದೆವು. "ಅರ್ಜಿ ಬೇಡ. ಅರ್ಜಿ ಅವರ ಹತ್ರ ಬೇಕಾದಷ್ಟಿದೆ" ಅಂದರು. "ಪ್ರಾದೇಶಿಕ ಕಚೇರಿಯಿಂದ ಸಾಹೇಬರು ನೋಡೋಕೆ ಬರ್ತಾರಂತೆ. ಅವತ್ತು ಎಲ್ರೂ ಬನ್ನಿ. ಮಾತಾಡೋದೇನೂ ಬೇಡ. ಬಂದು ಕೂತ್ಕೊಳ್ಳಿ, ಸಾಕು."

ಬಂದೆವು. ಮಂಗನ ಟೋಪಿ, ಕೋಲು, ವಾಕರು, ಒಂದು ಗಾಲಿಕುರ್ಚಿ. ಬೆಂಚು ತುಂಬಿ, ಕುರ್ಚಿಗಳು ತುಂಬಿ, ಮಿಠಾಯಿ ಅಂಗಡಿಯ ಭಯ್ಯಾ ತನ್ನ ಸ್ಟೂಲುಗಳನ್ನೂ ಕಳಿಸಿಕೊಟ್ಟ. ಅಮ್ಮ ರೇಷ್ಮೆ ಸೀರೆಯಲ್ಲಿ ಬೆಂಚಿನ ನಡುವೆ ಕೂತಿದ್ದಳು. ಸಾಹೇಬರು ಚಿಕ್ಕ ವಯಸ್ಸಿನವರು, ಸಭ್ಯರು. ನೀವ್ಯಾರೂ ತೊಂದರೆ ತೆಗೆದುಕೊಳ್ಳಬೇಕಿಲ್ಲ, ಮನೆಯಲ್ಲೇ ಕೂತು ಮಾಡಬಹುದು ಎಂದು ಹಿಂದಿಯಲ್ಲಿ ವಿವರಿಸಿದರು. ತೋರಿಸಿಕೊಡಲು ಅಮ್ಮನನ್ನೇ ಆರಿಸಿಕೊಂಡರು. ಅವರಿಗೆ ಗ್ರಹಚಾರ ಕಾದಿತ್ತು.

ಮೊದಲು ಬೆರಳಿನ ಯಂತ್ರ. ಎಪ್ಪತ್ತು ವರ್ಷ ಅಡುಗೆಮನೆಯಲ್ಲಿ ಬಿಸಿ ಮುಟ್ಟಿ, ಹುಣಸೆಹಣ್ಣು ಹಿಂಡಿ, ಪಾತ್ರೆ ತಿಕ್ಕಿದ ಬೆರಳು. ಗೆರೆಗಳೆಲ್ಲ ಸವೆದುಹೋಗಿದ್ದವು. ಒತ್ತಿದಷ್ಟು ಸಲವೂ ಕೆಂಪು ದೀಪ. ಪರವಾಗಿಲ್ಲ ಎಂದು ಸಾಹೇಬರು ತಮ್ಮ ಫೋನು ತೆಗೆದು ಅಮ್ಮನ ಮುಖದ ಮುಂದೆ ಹಿಡಿದರು. ಕಣ್ಣು ಮಿಟುಕಿಸಿ ಎಂದು ಫೋನು ಹೇಳಿತು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಕಣ್ಣು ಇನ್ನಷ್ಟು ಅಗಲ ಮಾಡಿ ನನ್ನನ್ನು ನೋಡಿದಳು.

"ಏನು, ಈ ಹುಡುಗನಿಗೆ ಕಣ್ಣು ಹೊಡೀಬೇಕಾ? ಈ ವಯಸ್ಸಲ್ಲಿ?"

ಬೆಂಚೆಲ್ಲ ಗೊಳ್ಳೆಂದಿತು. ಸಾಹೇಬರಿಗೆ ಯಾರೋ ಹಿಂದಿಯಲ್ಲಿ ಹೇಳಿದರು. ಅವರ ಕಿವಿ ಕೆಂಪಾಯಿತು. ಆವರೆಗೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಬ್ಯಾಂಕಿನೋರು ಆಗ ಎದ್ದುನಿಂತು ಹಿಂದಿಯಲ್ಲಿ, ಬಹಳ ಮೆಲ್ಲಗೆ ಕೇಳಿದರು: "ಸಾಹೇಬರೇ, ಅರ್ಧ ಗಂಟೆಯಿಂದ ಇವರ ಎದುರಿಗೇ ಇದ್ದೀರಿ. ನಿಮಗೇನನ್ನಿಸುತ್ತೆ, ಇವರು ಬದುಕಿದ್ದಾರಾ ಇಲ್ಲವಾ?"

ಸಾಹೇಬರು ನಕ್ಕರು. ಆದರೆ ಆ ಮಾತು ಒಳಗೆ ಇಳಿಯಿತೆಂದು ಕಾಣುತ್ತದೆ. ಬ್ರ್ಯಾಂಚು ಉಳಿಯಲಿಲ್ಲ, ಅದನ್ನು ಉಳಿಸುವುದು ಅವರ ಕೈಯಲ್ಲೂ ಇರಲಿಲ್ಲ. ಬದಲಿಗೆ ಮಿಠಾಯಿ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಒಬ್ಬರು ಅಧಿಕಾರಿ ಬಂದು ಕೂರುತ್ತಾರೆ ಎಂದಾಯಿತು. ಜನ ಬಂದರೆ ನಡೆಯುತ್ತದೆ, ಬರದಿದ್ದರೆ ಅದೂ ಇಲ್ಲ ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಹಳೆಯ ಪೀಠೋಪಕರಣವನ್ನೆಲ್ಲ ಗುಜರಿ ಕೊಳ್ಳುವ ಕಬಾಡಿಯವನು ಗಾಡಿಗೆ ಹೇರುವಾಗ ಬ್ಯಾಂಕಿನೋರು ಓಡಿಹೋಗಿ ಬೆಂಚನ್ನು ಕೊಂಡರು. ಕೊಂಡದ್ದಕ್ಕೆ ರಸೀದಿ ಬೇಕೆಂದು ಹಟ ಹಿಡಿದರು. ಜನ್ಮದಲ್ಲಿ ರಸೀದಿ ಬರೆಯದ ಕಬಾಡಿಯವನು ಕಕ್ಕಾಬಿಕ್ಕಿಯಾದ. ಕೊನೆಗೆ ಇವರೇ ರಸೀದಿ ಬರೆದು, ಅವನಿಗೆ ತಮ್ಮ ಪೆನ್ನು ಕೊಟ್ಟು ರುಜು ಹಾಕಿಸಿಕೊಂಡರು. ಅವರು ಯಾರಿಗಾದರೂ ಪೆನ್ನು ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೆಂಚು ಆ ಹಿಂದಿನ ಕೋಣೆಗೆ ಹೋಯಿತು.

ಅಮ್ಮ ಅಲ್ಲಿ ಒಂದೇ ನವೆಂಬರ್ ಕೂತಳು. ಅವಳು ಹೋಗಿ ಈಗ ಎರಡು ವರ್ಷ.

ಕಳೆದ ವರ್ಷ ಬ್ಯಾಂಕಿನೋರಿಗೇ ಲಕ್ವಾ ಹೊಡೆಯಿತು. ಎಡಗೈ ಎಡಗಾಲು ಬಿದ್ದುಹೋದವು, ಮಾತು ತೊದಲಾಯಿತು. ಅವರೂ ಈಗ ಪಿಂಚಣಿದಾರರಲ್ಲವೇ, ನವೆಂಬರಿನಲ್ಲಿ ಅವರೂ ಬದುಕಿದ್ದೇನೆಂದು ತೋರಿಸಬೇಕು. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಅಕ್ಕ ಫೋನ್ ಮಾಡಿ ಅಲವತ್ತುಕೊಂಡರು. ನಾನು ಮಂಗಳವಾರ ಕೌಂಟರಿಗೆ ಹೋಗಿ ಅಲ್ಲಿ ಕೂರುವ ಹುಡುಗಿಯನ್ನು ಕೇಳಿಕೊಂಡೆ. ಹರಿಯಾಣದ ಹುಡುಗಿ, ಚುರುಕು, ಮಾತು ಸ್ವಲ್ಪ ಒರಟು, ಸದಾ ಅವಸರ. "ಚಲೋ ಆಂಟಿ, ಐದು ಗಂಟೆಗೆ ಬರ್ತೀನಿ, ಎರಡು ನಿಮಿಷದ ಕೆಲಸ" ಎಂದು ಹಿಂದಿಯಲ್ಲಿ ಹೇಳಿ ಬಂದಳು. ಕ್ಯಾಬ್ ಕೆಳಗೇ ನಿಲ್ಲಿಸಿದ್ದಳು.

ಕೋಣೆಯ ಬಾಗಿಲಲ್ಲೇ ನಿಂತು ಮಂಚದ ಕಡೆ ಒಂದು ಸಲ ಇಣುಕಿ, "ಹಾಂ, ನೋಡಿದೆ" ಎಂದು ಫಾರಂ ಮುಂದೆ ಮಾಡಿದಳು. ಬ್ಯಾಂಕಿನೋರ ಬಲಗೈಗೆ ಅಕ್ಕ ಪೆನ್ನು ಹಿಡಿಸಿದರು. ಅವರು ರುಜು ಹಾಕಲಿಲ್ಲ. ಪೆನ್ನು ಹೊದಿಕೆಯ ಮೇಲೆ ಇಟ್ಟುಬಿಟ್ಟರು.

"ಕ..ನ್ನಡಕ" ಅಂದರು.

ಅಕ್ಕ ಓದುವ ಕನ್ನಡಕ ಹಾಕಿದರು. ಬ್ಯಾಂಕಿನೋರು ತಲೆ ಅಲ್ಲಾಡಿಸಿದರು. "ಅದಲ್ಲ. ಇನ್ನೊಂದು."

ದೂರದ ಕನ್ನಡಕ ಮೂಗಿನ ಮೇಲೆ ಕೂತಿತು. ಅವರು ಬಲಗೈಯಿಂದ ಸ್ಟೂಲು ತೋರಿಸಿದರು. ಹುಡುಗಿ ನನ್ನ ಮುಖ ನೋಡಿದಳು. ನಾನು, ಕೂತ್ಕೋ ಮಗಳೇ, ಕೂರದಿದ್ದರೆ ಈ ಮನುಷ್ಯ ರುಜು ಹಾಕುವುದಿಲ್ಲ ಅಂದೆ. ಕೂತಳು. ಬ್ಯಾಂಕಿನೋರು ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತೊದಲುವ ಹಿಂದಿಯಲ್ಲಿ, "ಈಗ ನೀನು ಕೇಳು. ಇವತ್ತು ತಿಂಡಿ ಏನು ಅಂತ ಕೇಳು" ಅಂದರು. "ತಿಂಡಿ ಏನು" ಎಂಬುದನ್ನು ಮಾತ್ರ ಕನ್ನಡದಲ್ಲೇ ಹೇಳಿದರು. ಅವಳಿಗೆ ಅರ್ಥ ಹೇಳಿಕೊಟ್ಟೆ.

"ತಿಂಡೀ.. ಏನು, ಸರ್?"

"ದೋಸೆ" ಅಂದರು ಬ್ಯಾಂಕಿನೋರು.

"ಅಯ್ಯೋ, ಅಪ್ಪಟ ಸುಳ್ಳು!" ಅಕ್ಕ ತಲೆ ಚಚ್ಚಿಕೊಂಡರು. "ಬೆಳಿಗ್ಗೆ ರಾಗಿ ಅಂಬಲಿ ಕುಡಿಸಿದೀನಿ ಕಣಮ್ಮಾ!"

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ, ಹುಡುಗಿ ಜೋರಾಗಿ ನಕ್ಕಳು. ಬ್ಯಾಂಕಿನೋರ ಮುಖದ ಅರ್ಧಭಾಗ ಮಾತ್ರ ನಕ್ಕಿತು, ಅದರಲ್ಲೇ ಎಲ್ಲ ಬಂತು. ಕ್ಯಾಬಿನವನು ಎರಡು ಸಲ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಆ ಪ್ರಶ್ನೆ ಯಾಕೆ ಎಂದು ಅವಳು ಕೇಳಿದಾಗ ತಗಡಿನ ಬಾಲ್ಕನಿಯ ಮುದುಕನ ಕಥೆಯನ್ನು ನಾನೇ ಹೇಳಿದೆ, ಯಾಕೆಂದರೆ ಅವರಿಗೆ ಅಷ್ಟು ಉದ್ದ ಮಾತಾಡಲು ಆಗುತ್ತಿರಲಿಲ್ಲ. ಇಬ್ಬರ ರುಜುವೂ ಆಗಿ ಅವಳು ಹೋಗುವಾಗ ಕತ್ತಲಾಗಿತ್ತು. ಬಾಗಿಲ ಹತ್ತಿರ ತಿರುಗಿ ನಮಸ್ಕಾರ ಮಾಡಿದಳು.

ಜನವರಿಯಲ್ಲಿ ಅವರು ಹೋದರು. ಹದಿನೈದು ದಿನ ಕಳೆದು ನಾನು ಅಕ್ಕನನ್ನು ಶುಕ್ರವಾರದ ಕೌಂಟರಿಗೆ ಕರೆದುಕೊಂಡು ಹೋದೆ. ಇನ್ನು ಅಕ್ಕನ ಹೆಸರಿಗೆ ಕುಟುಂಬ ಪಿಂಚಣಿ ಆಗಬೇಕು, ಅದಕ್ಕೆ ಅವರನ್ನೂ ಯಾರಾದರೂ ಖುದ್ದಾಗಿ ನೋಡಬೇಕು. ಅಕ್ಕ ಆ ಹದಿನೈದು ದಿನದಲ್ಲಿ ಅತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ. ಬೆಂಚಿನ ಮೇಲೆ ತಂದು ಕೂರಿಸಿದರೆ ಕೂತರು. ಮೈಮೇಲೆ ಅವರೇ ಗಂಡನಿಗೆ ಹೆಣೆದಿದ್ದ ಅದೇ ಕೆಂಗಂದು ಸ್ವೆಟರ್.

ನಾಲ್ಕೈದು ಜನ ಕಾಯುತ್ತಿದ್ದರು. ನಾನು ಕಾಗದಗಳನ್ನು ಕೌಂಟರಿನ ಮೇಲೆ ಇಟ್ಟೆ. ಹುಡುಗಿ ಮೇಲಿನ ಕಾಗದದ ಮೇಲಿದ್ದ ಹೆಸರು ಓದಿದಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದಳು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಮೇಜು ಸುತ್ತಿ ಈಚೆ ಬಂದು, ಬೆಂಚಿನ ಮೇಲೆ ಅಕ್ಕನ ಪಕ್ಕದಲ್ಲಿ ಕೂತಳು.

"ತಿಂಡಿ ಏನು, ಆಂಟಿ?"

ಅಕ್ಕ ತಲೆಯೆತ್ತಿದರು. ಉತ್ತರ ಹುಡುಕುತ್ತಿರುವವರ ಹಾಗೆ ನನ್ನನ್ನು ನೋಡಿದರು.

"ನೆನಪಿಲ್ಲ. ಮಾಡಿಲ್ಲ ಅನ್ಸುತ್ತೆ. ನಿನ್ನೆನೂ ಮಾಡಿರ್ಲಿಲ್ಲ."

ನಾನು ಹಿಂದಿಯಲ್ಲಿ ಹೇಳಿದೆ. ಹುಡುಗಿ ಕೈಯಲ್ಲಿದ್ದ ಫಾರಂ ಮಡಚಿ ಪಕ್ಕಕ್ಕಿಟ್ಟಳು. "ಹಾಗಾದರೆ ಈಗ ಬರೆಯೋಕಾಗಲ್ಲ" ಅಂದಳು. ಕ್ಯೂನಲ್ಲಿದ್ದ ಒಬ್ಬರು ಏನೋ ಗೊಣಗಿದರು. ಅವಳು ಅವರ ಕಡೆ ತಿರುಗದೆ ಎದ್ದುಹೋಗಿ ತನ್ನ ಚೀಲದಿಂದ ಡಬ್ಬಿ ತಂದಳು. ಬೆಂಚಿನ ಮೇಲೆ ಮುಚ್ಚಳ ತೆಗೆದು, ಮೆಂತ್ಯದ ಪರಾಠಾ ಒಂದನ್ನು ಮುರಿದು ಅಕ್ಕನ ಕೈಗಿಟ್ಟಳು. ಅಕ್ಕ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಅಗಿಯುತ್ತಾ ಅಗಿಯುತ್ತಾ ಅಳಲು ಶುರು ಮಾಡಿದರು. ಹುಡುಗಿ ಅವರ ಬೆನ್ನ ಮೇಲೆ ಕೈಯಿಟ್ಟು ಕೂತೇ ಇದ್ದಳು. ಕ್ಯೂನಲ್ಲಿದ್ದವರು ಯಾರೂ ಎದ್ದುಹೋಗಲಿಲ್ಲ.

ಪೂರ್ತಿ ಒಂದು ಪರಾಠಾ ಮುಗಿದ ಮೇಲೆ ಅವಳು ಮತ್ತೆ ಕೇಳಿದಳು.

"ಈಗ ಹೇಳಿ ಆಂಟಿ. ತಿಂಡಿ ಏನು?"

"ಪರಾಠಾ" ಅಂದರು ಅಕ್ಕ, ಸ್ವೆಟರಿನ ತುದಿಯಿಂದ ಮುಖ ಒರೆಸಿಕೊಂಡು. "ಉಪ್ಪು ಸ್ವಲ್ಪ ಕಡಿಮೆ."

ಹುಡುಗಿ ಫಾರಂ ಬಿಡಿಸಿ ರುಜು ಹಾಕಿದಳು.